ಪರೀಕ್ಷೆ ಕೋಣೆಯ ಹೊರಗೆ ಎರಡು ಜೊತೆ ಚಪ್ಪಲಿ

ಬಸವಕಲ್ಯಾಣದಲ್ಲಿ ಪದವಿ ಪರೀಕ್ಷೆ ಬರೆಯಲು ಹೋದವಳು ಕೋಣೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಳೆ ಬಿಚ್ಚತೊಡಗಿದೆ. ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರ ಬಂದಿದ್ದೆ. ಚಪ್ಪಲಿ, ಬಳೆ ತೆಗೆದಿಟ್ಟೇ ಒಳಗೆ ಹೋಗುವ ಪ್ಯಾಕಿಂಗ್ ವಿಭಾಗದ ರೂಢಿ ಇನ್ನೂ ಬಿಟ್ಟಿರಲಿಲ್ಲ.

“ಇಲ್ಲಿ ಚಪ್ಪಲಿ ಬಿಡೂದು ಬ್ಯಾಡ್ರಿ ಅಕ್ಕಾ. ನಿಮಗಿಂತ ಮೊದಲ ಬಂದೋರೂ ಹಿಂಗ ಮಾಡ್ಯಾರ,” ಎಂದು ಬಾಗಿಲಲ್ಲಿದ್ದ ಮೇಡಂ ನಕ್ಕರು.

ಒಳಗೆ ಕೊನೆಯ ಬೆಂಚಿನಲ್ಲಿ ಬರಿಗಾಲಲ್ಲಿ ಕೂತಿದ್ದವರು ನಮ್ಮ ಸೂಪರ್‌ವೈಸರ್! ಬಡ್ತಿ ಕೇಳಿದಾಗ, ಮೊದಲು ಡಿಗ್ರಿ ಮಾಡಿಕೊಂಡು ಬಾ ಎಂದು ನನ್ನನ್ನು ಕಳಿಸಿದ್ದವರು.

“ಈಗ ನನಗೂ ಡಿಗ್ರಿ ಕೇಳಾಕತ್ತಾರವ್ವಾ,” ಎಂದು ಅವರು ಕಾಲನ್ನು ಬೆಂಚಿನಡಿ ಎಳೆದುಕೊಂಡರು.

ಯಾವ ಕುರ್ಚಿಗಾಗಿ ನಾನು ನಿದ್ದೆಗೆಟ್ಟು ಓದಿದ್ದೆನೋ, ಅದನ್ನು ಉಳಿಸಿಕೊಳ್ಳಲು ಅವರೂ ನಿದ್ದೆಗೆಟ್ಟಿದ್ದರು. ಮರಳುವಾಗ ಬಸ್ಸಿನಲ್ಲಿ ಅಕ್ಕಪಕ್ಕದ ಸೀಟಿನಲ್ಲೇ ಕೂತೆವು. ಇಬ್ಬರಿಗೂ ಎಂಥ ನಿದ್ದೆ ಹತ್ತಿತೆಂದರೆ, ಹುಮನಾಬಾದ್ ದಾಟಿ ಹೋದದ್ದೇ ಗೊತ್ತಾಗಲಿಲ್ಲ.