ಪುಟ್ಟರಾಜು ಬೆಟ್ಟಕ್ಕೆ ಬಿಟ್ಟ ಹಾವುಗಳು

ತೆರಕಣಾಂಬಿ ಪಕ್ಕದ ಹಳ್ಳಿ, ಬೆಳಗಿನ ಆರು ಗಂಟೆ. ದೊಡ್ಡಮಲ್ಲಮ್ಮನವರ ಕೊಟ್ಟಿಗೆಯಲ್ಲಿ ಅರಿಸಿನದ ಮೂಟೆಗಳ ಹಿಂದೆ ಆರಡಿ ಉದ್ದದ ಕೇರೆಹಾವು ಸೇರಿಕೊಂಡಿದೆ. ಪುಟ್ಟರಾಜು ಮೂಟೆ ಸರಿಸಿ, ಬಾಲ ಹಿಡಿದು, ಕೊಕ್ಕೆಯಿಂದೆತ್ತಿ ಬಟ್ಟೆಚೀಲಕ್ಕೆ ಇಳಿಸುತ್ತಾರೆ. ಇಷ್ಟಕ್ಕೆ ನಾಲ್ಕು ನಿಮಿಷ ಸಾಕು. ಆಮೇಲೆ ಬರುವ ಮಾತೇ ಅವರಿಗೆ ಕಷ್ಟ.

"ಇದ್ನೂ ಓದ್ಸಲದಂಗೆ ಗೋಪಾಲಸ್ವಾಮಿ ಬೆಟ್ಟುಕ್ಕೆ ಬುಟ್ಬುಡಪ್ಪ" ಎನ್ನುತ್ತಾರೆ ದೊಡ್ಡಮಲ್ಲಮ್ಮ. "ಆ ಹಾವು ಅಲ್ಲಿ ಚೆಂದಾಗದಾ?"

ಪುಟ್ಟರಾಜು ಚೀಲದ ಬಾಯಿ ಕಟ್ಟುತ್ತಾ ತಲೆ ತಗ್ಗಿಸುತ್ತಾರೆ.

ಅವರ ಕಸುಬು ಪಂಪ್‌ಸೆಟ್ ರಿಪೇರಿ. ಸ್ಟಾರ್ಟರ್ ಪೆಟ್ಟಿಗೆ ತೆಗೆದರೆ ಒಳಗೆ ಹಾವು. ರೈತರು ದೊಣ್ಣೆ ತರುವಷ್ಟರಲ್ಲಿ ಪುಟ್ಟರಾಜು ಹಿಡಿಯುವುದನ್ನು ಕಲಿತರು. ಮಂಡಲದ ಹಾವು ಕಚ್ಚಿದ ಎಡಗೈ ಹೆಬ್ಬೆರಳು ಇವತ್ತಿಗೂ ಮಡಚುವುದಿಲ್ಲ. ತಿಂಗಳಿಗೆ ಹತ್ತು ಹನ್ನೆರಡರಂತೆ ಎಂಟು ವರ್ಷದಲ್ಲಿ ಸಾವಿರದ ನೂರ ನಲವತ್ತು ಹಾವು. ಹಾವು ಸಿಕ್ಕ ಮನೆಯವರದು ಒಂದೇ ಷರತ್ತು, ದೂರ ಬಿಡಬೇಕು. ಚೀಲವನ್ನು ಬೈಕಿಗೆ ಕಟ್ಟಿ ಇಪ್ಪತ್ತು ಕಿಲೋಮೀಟರ್ ಆಚೆಯ ಬೆಟ್ಟದ ತಪ್ಪಲಿಗೆ ಒಯ್ಯುತ್ತಿದ್ದರು. ಸಂಘವೊಂದು ಹಾರ ಹಾಕಿ ಫಲಕ ಕೊಟ್ಟಿತು.

ಮೂರು ವರ್ಷದ ಹಿಂದೆ, ಹಾವುಗಳ ಅಧ್ಯಯನ ಮಾಡುವ ಸಿಂಧು ಬಂದರು. ಬಿಡುವ ಮೊದಲು ಹಾವಿನ ಹೊಟ್ಟೆಯಡಿ ಗುರುತು ಹಾಕತೊಡಗಿದರು. ತಿಂಗಳೊಳಗೆ, ಆಗ ದೊಡ್ಡಮಲ್ಲಮ್ಮನವರ ಮನೆಯಲ್ಲಿ ಹಿಡಿದು ಗುರುತು ಹಾಕಿ ಬಿಟ್ಟಿದ್ದ ಕೇರೆಹಾವು ಬೆಟ್ಟದ ದಾರಿಯ ಹಂಗಳದ ಹತ್ತಿರ ಟಾರು ರಸ್ತೆಯಲ್ಲಿ ಟೈರಿಗೆ ಸಿಕ್ಕಿ ಸತ್ತಿತ್ತು. ತಲೆ ಊರಿನ ಕಡೆಗಿತ್ತು. ಇಲಿ ಸಿಗುವ ಬದು, ಅಡಗುವ ಬಿಲ ಹಾವಿಗೆ ತನ್ನ ಜಾಗದಲ್ಲಷ್ಟೇ ಗೊತ್ತು, ಹೊಸ ಕಾಡಿನಲ್ಲಿ ಹೆಚ್ಚಿನವು ಅಲೆದೇ ಸಾಯುತ್ತವೆ ಎಂದರು ಸಿಂಧು.

"ದೊಣ್ಣೇಲಿ ವಡ್ಯೋರ ಬೈತಿದ್ದೆ ಸಾ. ನಾನು ಬೈಕಲ್ಲಿ ತಕ್ಕೋಗಿ ಸಾಯ್ಸಿದೆ. ಅದ್ಕೆ ಹಾರನೂ ಹಾಕುಸ್ಕಂಡೆ" ಎನ್ನುತ್ತಾರೆ ಪುಟ್ಟರಾಜು, ಪತ್ರಿಕೆಗೆ ಬರೆಯಲು ಬಂದ ನನ್ನ ಬಳಿ. ಆ ಫಲಕ ಈಗ ಅವರ ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ.

ಅಂದಿನಿಂದ ಅವರು ಸಿಕ್ಕ ಜಾಗದ ಆಸುಪಾಸಿನಲ್ಲೇ ಹಾವು ಬಿಡುತ್ತಾರೆ, ಅದೂ ಕದ್ದು. ಬೆಟ್ಟಕ್ಕೆ ಹೊರಟವರಂತೆ ಬೈಕ್ ಸ್ಟಾರ್ಟ್ ಮಾಡಿ, ಊರ ಹಿಂದಿನ ತಿರುವಿನಲ್ಲಿ ಚೀಲ ಬಿಚ್ಚುತ್ತಾರೆ. ನಿಜ ಹೇಳಿದರೆ ಜನ ಮತ್ತೆ ದೊಣ್ಣೆ ಹಿಡಿದಾರೆಂಬ ಭಯ. ಆ ಸುಳ್ಳೂ ಅವರನ್ನು ಕೊರೆಯುತ್ತದೆ.

ಇವತ್ತು ಅವರು ಬೈಕ್ ಸ್ಟಾರ್ಟ್ ಮಾಡುವುದಿಲ್ಲ. ಕೀ ಜೇಬಿನಲ್ಲೇ ಇದೆ.

"ಓದ್ಸಲದ್ದು ಸತ್ತೋಯ್ತು ಕಣವ್ವ. ಇಲ್ಲಿಗೇ ವಾಪಸ್ ಬತ್ತಿತ್ತು. ನಾನೇ ಸಾಯ್ಸ್‌ಬುಟ್ಟೆ."

ದೊಡ್ಡಮಲ್ಲಮ್ಮ ಇಲಿ ಕಡಿದು ತೂತಾದ ಮೂಟೆಗಳ ಮೇಲೆ ಕೈಯಾಡಿಸುತ್ತಾರೆ.

"ಮೂರು ವರ್ಸ ಯಾಕ್ಲಾ ಯೋಳ್ನಿಲ್ಲ?"

ಪುಟ್ಟರಾಜು ಚೀಲ ಕೈಗೆತ್ತಿಕೊಳ್ಳುತ್ತಾರೆ. ದೊಡ್ಡಮಲ್ಲಮ್ಮನವರೇ ಮುಂದಾಗಿ ಹಿತ್ತಲ ಬಾಗಿಲು ತೆಗೆಯುತ್ತಾರೆ. "ಬೇಲಿ ತಾವ ಬುಡು. ನನ್ ಕಣ್ ಮುಂದೇನೇ ಬುಡು."

ಚೀಲದಿಂದ ಹೊರಬಂದ ಹಾವು ಅತ್ತಿತ್ತ ತಿರುಗದೆ ಬದುವಿನ ಬಿಲಕ್ಕೆ ಇಳಿಯುತ್ತದೆ. ಪುಟ್ಟರಾಜು ಖಾಲಿ ಚೀಲ ಮಡಚಿಕೊಳ್ಳುತ್ತಾರೆ.

"ಪೇಪರ್ನಲ್ಲಿ ಸಾವ್ರದ್ ನೂರ್ ನಲವತ್ತು ಅಂತ ಬರೀಬ್ಯಾಡಿ ಸಾ" ಎನ್ನುತ್ತಾರೆ. "ಬರೆಯಂಗಿದ್ರೆ ಇವತ್ತಿಂದ ಬರೀರಿ. ಸುಳ್ಳೇಳ್ದೆ ಬುಟ್ಟುದ್ದು ಒಂದು ಅಂತ."