ದೀಪಾವಳಿ ರಜೆಯ ವರಾಛಾ

ಕಳೆದ ವಾರ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಸೊಸೈಟಿಯಲ್ಲಿ ಯಾರದೋ ಫ್ಲ್ಯಾಟಿಗೆ ಬಣ್ಣ ಹೊಡೆಯುತ್ತಿದ್ದರು. ಲಿಫ್ಟಿನ ತುಂಬ ಟರ್ಪೆಂಟೈನ್ ವಾಸನೆ. ನಾಲ್ಕನೇ ಮಹಡಿ ಬರುವಷ್ಟರಲ್ಲಿ ಪಾರ್ಟ್ನರ್ ನೆನಪಾದಳು...

ಅವಳನ್ನು ನಾನು ಕರೆಯುತ್ತಿದ್ದದ್ದು ಹಾಗೇ. ಅವಳಿಗೆ ನಾನು ಅಕ್ಕ. ಹುಬ್ಬಳ್ಳಿ ಕಡೆಯ ರೈಲ್ವೆ ನೌಕರರ ಮಗಳು, ವಡೋದರಾದಲ್ಲಿ ಬೆಳೆದು ಚಿತ್ರಕಲೆ ಕಲಿತವಳು. ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಅಹಮದಾಬಾದಿಗೆ ಬಂದವಳು. ಚಿತ್ರ, ನೃತ್ಯ, ವಾದ್ಯ ಮೂರನ್ನೂ ಕೂಡಿಸಿ ನಾವಿಬ್ಬರೇ ಕಾರ್ಯಕ್ರಮ ಮಾಡುತ್ತಿದ್ದೆವು. ಮುಖ್ಯ ಅತಿಥಿ ಇಲ್ಲ, ಭಾಷಣ ಇಲ್ಲ, ಶಾಲು ಹಾರ ಇಲ್ಲ. ಪರದೆ ಬರೆಯುವುದು, ಕಲಾವಿದರನ್ನು ಒಪ್ಪಿಸುವುದು ಅವಳ ಪಾಲು. ಜಾಗ ಮತ್ತು ದಿನ ಗೊತ್ತು ಮಾಡುವುದು ನನ್ನದು. ಕಲಾವಿದರಿಗೆ ಈ ಪಾಲು ಪಟ್ಟಿಯೆಲ್ಲ ಗೊತ್ತಿರಲಿಲ್ಲ.

ಒಂದು ವರ್ಷ ಸೂರತ್‌ನ ವರಾಛಾದಲ್ಲಿ, ವಜ್ರ ಉಜ್ಜುವವರಿಗಾಗಿಯೇ ಒಂದು ಕಾರ್ಯಕ್ರಮ ಕಟ್ಟಿದೆವು. ಅವರ ಸಾಣೆ ಚಕ್ರಗಳ ಸದ್ದಿಗೇ ನೃತ್ಯ. ಅವರು ಕೂತು ದುಡಿಯುವ ಜಾಗದಲ್ಲೇ ಅವರಿಗೆ ತೋರಿಸಬೇಕೆಂಬುದು ಪಾರ್ಟ್ನರ್ ಹಟ. ಕಾರ್ಖಾನೆಯ ಮಾಲೀಕರೊಬ್ಬರು, ದೀಪಾವಳಿ ರಜೆಯಲ್ಲಾದರೆ ಇಡೀ ಹಾಲ್ ನಿಮ್ಮದೇ ಎಂದರು. ನಾನು ಹಿಗ್ಗಿ ಒಪ್ಪಿಕೊಂಡುಬಿಟ್ಟೆ.

"ಅಕ್ಕಾ, ರಜಾದಾಗ ಮಂದಿ ಇಲ್ಲೇ ಇರ್ತಾರೇನ್ರಿ? ಒಮ್ಮೆ ಕೇಳಿ ನೋಡ್ರಿ" ಎಂದಳು.

"ಅದೆಲ್ಲ ಕೇಳ್ತೀನಿ ಬಿಡು, ನೀನು ಪರದೆ ಮುಗಿಸು" ಎಂದೆ. ಯಾರನ್ನೂ ಕೇಳಲಿಲ್ಲ.

ನಾವು ಹೋದ ದಿನ ವರಾಛಾದ ಬೀದಿಗಳು ಬಿಕೋ ಎನ್ನುತ್ತಿದ್ದವು. ವಜ್ರದ ಕೆಲಸದವರೆಲ್ಲ ಪ್ರತಿ ವರ್ಷದಂತೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಹೋಗಿದ್ದರು. ಕಾರ್ಖಾನೆಯಲ್ಲಿ ಇದ್ದವರು ಕಾವಲುಗಾರ ಮತ್ತು ಅವನ ಹೆಂಡತಿ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ನರ್ತಕಿ ಗೆಜ್ಜೆಯ ಗಂಟನ್ನು ನೆಲಕ್ಕೆ ಕುಕ್ಕಿ, ಈ ದಿನ ಗೊತ್ತು ಮಾಡಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದಳು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ. ಪಾರ್ಟ್ನರ್ ನನ್ನತ್ತ ಒಮ್ಮೆ ನೋಡಿ, ನಾನೇ ಎಂದಳು.

ಕಾವಲುಗಾರನ ಹೆಂಡತಿ ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಕುಡಿದು, ಪರದೆಯ ಸುರುಳಿ ಬಿಚ್ಚದೆಯೇ ಹೊರಟೆವು.

ಆಮೇಲೆ ಪಾರ್ಟ್ನರ್ ಕರೆದರೆ ಕಲಾವಿದರು ನೆಪ ಹೇಳತೊಡಗಿದರು. ನೋಡನೋಡುತ್ತ ನಮ್ಮ ಕಾರ್ಯಕ್ರಮಗಳು ನಿಂತವು. ಎಲ್ಲರಿಗೂ ನಿಜ ಹೇಳಬೇಕು, ಇವತ್ತು, ನಾಳೆ ಎನ್ನುತ್ತಲೇ ವರ್ಷಗಳು ಹೋದವು... ಅವಳು ಒಮ್ಮೆಯೂ ಆ ಮಾತು ಎತ್ತಲಿಲ್ಲ. ಅದು ನನಗೆ ಅನುಕೂಲವೇ ಆಯಿತು. ನೆನೆದರೆ ನಾಚಿಕೆಯಾಗುತ್ತದೆ.

ಮೂರು ತಿಂಗಳ ಹಿಂದೆ ವಡೋದರಾದಲ್ಲಿ ಅವಳ ಶ್ರದ್ಧಾಂಜಲಿ ಸಭೆ ನಡೆಯಿತು. ಅದೇ ನರ್ತಕಿ ಕಣ್ಣೊರೆಸಿಕೊಳ್ಳುತ್ತ, ಒಮ್ಮೆ ನಮ್ಮನ್ನೆಲ್ಲ ಖಾಲಿ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದಳು, ಅಷ್ಟು ಮರೆಗುಳಿ ಎಂದಳು. ಸಭೆ ಪ್ರೀತಿಯಿಂದ ನಕ್ಕಿತು. ನಾನೂ ನಕ್ಕೆ.

ಈಗ ಇಲ್ಲಿ ಬರೆಯುತ್ತಿದ್ದೇನೆ, ದಿನ ಗೊತ್ತು ಮಾಡಿದ್ದು ನಾನು. ಓದಿ "ಇರ್ಲಿ ಬಿಡ್ರಿ ಅಕ್ಕಾ" ಎನ್ನಲು ಅವಳಿಲ್ಲ.