ಕೊನೇ ಬೆಂಚಿನ ಚಾ

ನಮ್ಮ ಕೊಪ್ಪದ ಆರ್ಕೆಸ್ಟ್ರಾದಲ್ಲಿ ನಾನು ಮಿಮಿಕ್ರಿಯವನು, ನಾವೆಲ್ಲ ಅಣ್ಣ ಎನ್ನುತ್ತಿದ್ದ ಹಿರಿಯರೊಬ್ಬರು ಬೇಸ್ ಗಿಟಾರಿನವರು. ಭಾರದ ಆಂಪ್ಲಿಫೈಯರನ್ನು ಬಸ್ಸಿನ ಟಾಪಿಗೆ ಹತ್ತಿಸಿ ಹತ್ತಿಸಿ ಅವರ ಸೊಂಟ ಹಿಡಿದಿತ್ತು. ಕೊನೆಗೆ ಹಗುರದ್ದೊಂದು ತಂದರು. ಇದೂ ಆಗದಿದ್ದರೆ ಬೇಸ್ ಬಿಡುವುದೇ ಎಂದಿದ್ದರು.

“ಟಿಫಿನ್ ಕ್ಯಾರಿಯರ್ ತಂದ್ರಾ ಅಣ್ಣ?” ಎಂದೆ.

ಶೃಂಗೇರಿಯ ಸಭಾಂಗಣದಲ್ಲಿ, ಬೇಸ್ ಹಿಂದಿನವರೆಗೆ ಮುಟ್ಟುತ್ತದೋ ಎಂದು ನೋಡಲು, ಎಂದಿನಂತೆ ಕೊನೇ ಬೆಂಚಿನ ಮೇಲೆ ಚಾ ಲೋಟ ಇಡಿಸಿ, ಪಕ್ಕದಲ್ಲಿ ನನ್ನನ್ನು ಕೂರಿಸಿ, ವೇದಿಕೆಯಿಂದ ನುಡಿಸಿದರು.

“ಎಂತ ಮಾರಾಯ, ಚಾ ನಡುಗ್ತಾ?”

“ನಿದ್ದೆ ಮಾಡ್ತಿದೆ ಅಣ್ಣ.”

ಅವರು ಹೊಸ ಪೆಟ್ಟಿಗೆಯನ್ನು ಬೈಯಲಿಲ್ಲ. ಗಿಟಾರಿನ ಸಪೂರ ತಂತಿಗಳನ್ನು ಬಿಚ್ಚಿ, ದಪ್ಪನೆಯವನ್ನು ಕಟ್ಟಿ, ಒಂದೇ ಸ್ವರ ಮೀಟಿದರು. ಚಾದಲ್ಲಿ ಉಂಗುರ ಎದ್ದಿತು, ನನ್ನ ಹೊಟ್ಟೆಯಲ್ಲೂ.

ಮೊಬೈಲಿನ ರಿಂಗ್‌ಟೋನಿನಿಂದ ಅವರ ಕೆಮ್ಮಿನವರೆಗೆ ಎಲ್ಲವನ್ನೂ ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಆ ಸ್ವರವನ್ನು ಬಾಯಲ್ಲಿ ಮಾಡಲು ಹೋದರೆ ಮಾತ್ರ ಇವತ್ತಿಗೂ ಚಾ ಏಳುವುದಿಲ್ಲ.